ಮೊದಲು ದಾಟುವ ಕಾರು

ಏಳನೆಯ ನಟ್ಟು ಬೆರಳಿಗೇ ತಿರುಗಿತು.

ಗುನ್ವೋರ್ ಕಾರಿನ ಹೊಟ್ಟೆಯಡಿ ಹಳೆಯ ಹಾಸಿಗೆಯ ತುಂಡೊಂದರ ಮೇಲೆ ಅಂಗಾತ ಮಲಗಿದ್ದಳು. ಪಕ್ಕದಲ್ಲಿ ಬಿಸಿ ಮಾಡಿದ ಅಗಸೆ ಎಣ್ಣೆಯ ಡಬ್ಬಿ, ಕೈಯಲ್ಲಿ ಕುಂಚ. ಬೆಳಗಿನ ಕಾಫಿಯ ನಂತರ ಮುಂದಿನ ಚಕ್ರಗಳಿಂದ ಶುರು ಮಾಡಿದ ಕೆಲಸ ಈಗ ಹಿಂದಿನ ಚಕ್ರಗಳ ಹತ್ತಿರ ಬಂದಿತ್ತು. ಬಟ್ಟೆಯಿಂದ ಒರೆಸುವುದು, ತುಕ್ಕು ಕೂರಬಹುದಾದ ಸಂದುಗಳಿಗೆ ಎಣ್ಣೆ ಬಳಿಯುವುದು, ಬೆನ್ನಿನ ಮೇಲೆ ಒಂದು ಗೇಣು ಸರಿಯುವುದು. ಎಡಗಡೆಯ ಬ್ರೇಕನ್ನು ಹಿಡಿದಿಟ್ಟುಕೊಳ್ಳುವ ನಟ್ಟನ್ನು ಒರೆಸುವಾಗ ಅದು ಬಟ್ಟೆಯ ಜೊತೆಗೇ ಮೆತ್ತಗೆ ಹೊರಳಿತು.

ಅವಳು ಕೈ ನಿಲ್ಲಿಸಿದಳು.

ನಟ್ಟಿನ ಮೇಲೆ ಹಳದಿ ಗೆರೆ ಇತ್ತು. ಅದು ಅವಳ ಗಂಡ ಸ್ಟೂರೆಯ ಗುರುತು. ಪೇಟೆಯ ಬಸ್ ಡಿಪೋದಲ್ಲಿ ಮೂವತ್ತೆಂಟು ವರ್ಷ ಮೆಕ್ಯಾನಿಕ್ ಆಗಿದ್ದವನು ಅವನು. ನಟ್ಟನ್ನು ಅಳತೆಯ ಬಿಗಿಗೆ ತಿರುಗಿಸಿದ ಮೇಲೆ ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಒಂದು ಗೆರೆ ಎಳೆಯಬೇಕು; ನಟ್ಟು ಸಡಿಲಾದರೆ ಗೆರೆ ಮುರಿಯುತ್ತದೆ, ಟಾರ್ಚು ಹಿಡಿದರೆ ಸಾಕು, ತಿಳಿಯುತ್ತದೆ. ಆ ಗೆರೆಯನ್ನು ನಂಬಿ ಅಷ್ಟು ವರ್ಷ ಬಸ್ಸುಗಳು ಓಡಾಡಿದ್ದವು. ಈಗ ಅವಳ ಬೆರಳಿನಡಿ ಗೆರೆ ಎರಡು ತುಂಡಾಗಿತ್ತು, ಆದರೆ ಅದು ಮುರಿದದ್ದು ಈ ಕ್ಷಣದಲ್ಲಿ. ಅವಳು ಮುಟ್ಟುವವರೆಗೂ ಅದು ನೆಟ್ಟಗೆ, ಚೊಕ್ಕವಾಗಿ ಇತ್ತು. ಅಂದರೆ ನಟ್ಟು ಆಮೇಲೆ ಸಡಿಲಾದದ್ದಲ್ಲ. ಬಿಗಿ ಮಾಡದೆಯೇ ಗೆರೆ ಎಳೆಯಲಾಗಿತ್ತು.

"ಏನೇ, ಅಲ್ಲೇ ನಿದ್ದೆ ಹೋದ್ಯಾ?" ಮೇಲಿನಿಂದ ಸ್ಟೂರೆಯ ದನಿ ಬಂತು. ಅವನು ಮುಂದಿನ ಸೀಟಿನಲ್ಲಿ ತೊಡೆಯ ತುಂಬ ವೈರು ಹರಡಿಕೊಂಡು ಕೂತಿದ್ದ. ಸೀಟು ಬಿಸಿಯಾಗುವ ಹಾಗೆ ಮಾಡುತ್ತಿದ್ದ.

"ಸಿಕ್ಕಲ್ಲೆಲ್ಲ ನಿದ್ದೆ ಮಾಡೋ ವಿದ್ಯೆ ನಿನಗೆ ಬರುತ್ತೆ, ನನಗೆ ಬರಲ್ಲ."

"ವಿದ್ಯೆ ಅಲ್ಲ ಕಣೇ ಅದು, ವರ. ಎಣ್ಣೆ ತಲೆಗೆ ಹಚ್ಕೋಬೇಡ. ಮೊನ್ನೆ ದಿಂಬೆಲ್ಲ ಬಣ್ಣದ ಅಂಗಡಿ ವಾಸನೆ."

"ಸ್ಪ್ಯಾನರ್ ಕೊಡು, ಹದಿನೇಳರದ್ದು."

"ಯಾಕೆ?"

ಅವಳು ಮುರಿದ ಗೆರೆಯನ್ನು ಹೆಬ್ಬೆರಳಿನಿಂದ ಮುಚ್ಚಿದಳು. "ಒಂದು ಕಡೆ ಮಣ್ಣು ಗಟ್ಟಿಯಾಗಿದೆ, ಕೆರೀಬೇಕು."

"ಮಣ್ಣು ಕೆರೆಯೋಕೆ ನನ್ನ ಸ್ಪ್ಯಾನರ್ರೇ ಬೇಕಾ ನಿನಗೆ," ಎಂದು ಗೊಣಗುತ್ತಲೇ ಅವನು ಅದನ್ನು ನೆಲದ ಮೇಲೆ ಜಾರಿಸಿದ. ಅವಳು ನಟ್ಟನ್ನು ಬಿಗಿ ಮಾಡಿದಳು. ಮೂರು ಸುತ್ತು ಪೂರ್ತಿ ತಿರುಗಿದ ಮೇಲೆ ಅದು ನಿಂತಿತು. ಆಮೇಲೆ ಎಣ್ಣೆ ಬಳಿಯುವುದನ್ನು ಬಿಟ್ಟು ಹಳದಿ ಗೆರೆಗಳನ್ನೆಲ್ಲ ಒಂದೊಂದಾಗಿ ಹುಡುಕಿದಳು. ಮೂವತ್ತೊಂದು ಇದ್ದವು. ಅವುಗಳಲ್ಲಿ, ಮೊದಲಿನದೂ ಸೇರಿ, ನಾಲ್ಕು ಬೆರಳಿಗೇ ಹೊರಳಿದ್ದವು; ಮಿಕ್ಕ ಮೂರನ್ನೂ ಬಿಗಿ ಮಾಡಿದಳು.

ಉಳಿದ ಇಪ್ಪತ್ತೇಳು ಕಲ್ಲಿನಂತೆ ಗಟ್ಟಿಯಾಗಿದ್ದವು. ಅದೇ ಅವಳನ್ನು ಹೆಚ್ಚು ಹೆದರಿಸಿತು.

*

ಆ ಕಾರು ಅವಳ ಅಪ್ಪನದು. ಎಂಬತ್ತೆಂಟರ ವೋಲ್ವೋ, ಹಿಂಬದಿ ಉದ್ದನೆಯದು, ಒಂದು ಆಡಿನ ಮಂದೆಯನ್ನು ತುಂಬಿಸಬಹುದಾದಂಥದ್ದು. ಅಪ್ಪ ಹೋದ ಮೇಲೆ ಹನ್ನೆರಡು ವರ್ಷ ಕೊಟ್ಟಿಗೆಯಲ್ಲಿ ಹುಲ್ಲಿನ ಪಕ್ಕ ನಿಂತಿತ್ತು. ಹೋದ ಚಳಿಗಾಲ ಒಂದು ಬೆಳಿಗ್ಗೆ ಅವರ ಹೊಸ ಕಾರು ಮೈನಸ್ ಮೂವತ್ತೊಂದರಲ್ಲಿ ಮಾತಾಡದೆ ನಿಂತುಬಿಟ್ಟಿತು. ಪರದೆಯ ಮೇಲೆ ಕೆಂಪು ಅಕ್ಷರದಲ್ಲಿ ಒಂದು ಸಾಲು ಮೂಡಿ ಮಾಯವಾಯಿತು, ಅಷ್ಟೇ. ಗುನ್ವೋರ್ ಸರೋವರದ ನಡುವಿನ ಈ ದ್ವೀಪದಿಂದ ಆಚೆ ದಡದ ಮನೆಗಳಿಗೆ ಹೋಗಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸದವಳು. ಅವತ್ತು ತೊಂಬತ್ತೊಂದರ ಹೆಡ್ವಿಗ್ ಇನ್ಸುಲಿನ್ನಿಗಾಗಿ ಎರಡೂವರೆ ಗಂಟೆ ಕಾದಿದ್ದಳು. ಸಂಜೆ ಸ್ಟೂರೆ ಕೊಟ್ಟಿಗೆಯ ಬಾಗಿಲು ತೆಗೆದ. "ಯಾವಾಗ ಒದ್ದರೂ ಏಳೋ ಕಾರು ಮಾಡಿಕೊಡ್ತೀನಿ ನಿನಗೆ," ಎಂದಿದ್ದ.

ವೈರುಗಳನ್ನೆಲ್ಲ ಇಲಿಗಳು ತಿಂದಿದ್ದವು. ಸ್ಟೂರೆ ಒಂದೊಂದನ್ನೂ ಕಿತ್ತು ಹೊಸದು ಎಳೆದ. ಬ್ರೇಕಿನ ಕೊಳವೆ, ರೇಡಿಯೇಟರು, ಪೆಟ್ರೋಲ್ ಪಂಪು, ದೊಡ್ಡ ಡೈನಮೊ, ಕಡವೆಗಳನ್ನು ದೂರದಿಂದಲೇ ಕಾಣಿಸುವ ಎರಡು ದೀಪ, ಹೊರಡುವ ಮುಂಚೆ ಗೋಡೆಯ ಕರೆಂಟಿನಿಂದ ಇಂಜಿನ್ನನ್ನು ಬೆಚ್ಚಗಿಡುವ ಹೀಟರು. ಭಾಗಗಳ ನಂಬರು ಅವನಿಗೆ ಇವತ್ತಿಗೂ ಬಾಯಿಪಾಠ. ಫೋನಿನಲ್ಲಿ ಅಂಗಡಿಯವನಿಗೆ ಏಳೇಳು ಅಂಕಿ ಪಟಪಟ ಹೇಳುತ್ತಿದ್ದ. ಆ ಹೊತ್ತಿನಲ್ಲಿ ಅವನನ್ನು ನೋಡಿದ ಯಾರೂ ಅವನಿಗೆ ಎಪ್ಪತ್ತೊಂದು ಎನ್ನುತ್ತಿರಲಿಲ್ಲ.

ನಟ್ಟು ಸಿಕ್ಕ ಆ ಶನಿವಾರ ಮಧ್ಯಾಹ್ನ ಕಾಫಿಯ ಹೊತ್ತಿಗೆ ಡೀಸಾ ಬಂದಳು. ದ್ವೀಪದ ಐದು ಮಕ್ಕಳನ್ನು ಆಚೆ ದಡದ ಶಾಲೆಗೆ ವ್ಯಾನಿನಲ್ಲಿ ಕರೆದುಕೊಂಡು ಹೋಗುವವಳು ಅವಳೇ. ಹೊಸಿಲಲ್ಲೇ ಬೂಟು ಕಳಚಿ, ಕಾಲುಚೀಲದಲ್ಲಿ ಅಡುಗೆಮನೆಯವರೆಗೆ ಜಾರಿಕೊಂಡು ಬಂದು, ಏಲಕ್ಕಿ ಬನ್ನಿನ ತಟ್ಟೆಯ ಮುಂದೆ ಕೂತಳು.

"ಹೇಳಪ್ಪಾ ಮಂಜುಗಡ್ಡೆ ರಾಜ. ಸೋಮವಾರ ಹೌದೋ ಅಲ್ಲವೋ? ಈ ಮಕ್ಕಳು ಮೂರು ವಾರದಿಂದ ಮನೇಲಿ ಕೂತು ಅಮ್ಮಂದಿರ ರಕ್ತ ಕುಡೀತಿದಾರೆ. ನನ್ನ ಮಗನಂತೂ ನಿನ್ನೆ ಬೆಕ್ಕಿಗೆ ಮೀಸೆ ಕತ್ತರಿಸಿದಾನೆ."

"ಬೆಕ್ಕಿಗೆ ಇಷ್ಟವಾಯ್ತಾ?" ಎಂದ ಸ್ಟೂರೆ.

"ಬೆಕ್ಕನ್ನ ಕೇಳು. ನಾನು ಕೇಳಿದ್ದಕ್ಕೆ ಉತ್ತರ ಕೊಡು."

"ಸೋಮವಾರ. ಮೂವತ್ತೆಂಟು ಸೆಂಟಿಮೀಟರು. ಈ ದಡದಿಂದ ಆ ದಡದವರೆಗೆ ಎಲ್ಲೂ ಕಮ್ಮಿ ಇಲ್ಲ. ನಿನ್ನೆ ಕೊನೇ ಕೊಂಬೆ ನೆಟ್ಟು ಬಂದೆ."

ಗುನ್ವೋರ್ ಕಾಫಿ ಬಗ್ಗಿಸುತ್ತಿದ್ದಳು. ಕಪ್ಪು ತುಂಬಿ ತಟ್ಟೆಗೆ ಚೆಲ್ಲಿತು.

ಸರೋವರ ಹೆಪ್ಪುಗಟ್ಟಲು ಶುರುವಾದಾಗ ಹಡಗು ನಿಲ್ಲುತ್ತದೆ. ಆಮೇಲೆ ಕೆಲವು ವಾರ ನೀರು ದೋಣಿಗೂ ಒದಗುವುದಿಲ್ಲ, ಕಾರಿಗೂ ಒದಗುವುದಿಲ್ಲ. ಕೆಲಸಕ್ಕೆ ಹೋಗಲೇಬೇಕಾದವರು ಚರ್ಚಿನ ಮೂಲೆಯಿಂದ ಒದೆಬಂಡಿಯಲ್ಲಿ ದಾಟುತ್ತಾರೆ, ಕುರ್ಚಿಗೆ ಉಕ್ಕಿನ ಎರಡು ಉದ್ದ ಪಾದ ಕೊಟ್ಟಂಥ ಬಂಡಿ, ಒಂದು ಕಾಲಿನಲ್ಲಿ ನಿಂತು ಇನ್ನೊಂದರಲ್ಲಿ ಒದೆಯುತ್ತ. ಕಾರಿನ ದಾರಿ ಅದಕ್ಕಿಂತ ತೆಂಕಲಿಗೆ, ಹಡಗುಕಟ್ಟೆಯಿಂದ. ಅಲ್ಲಿ ನೂರು ಮೀಟರಿಗೊಂದು ಕಡೆ ಬೈರಿಗೆಯಿಂದ ತೂತು ಕೊರೆದು, ದಪ್ಪ ಅಳೆದು, ಸಾಕಷ್ಟಿದ್ದರೆ ತೂತಿನ ಪಕ್ಕ ಸೂಜಿಯೆಲೆಯ ಸ್ಪ್ರೂಸ್ ಮರದ ಒಂದು ಕೊಂಬೆ ನೆಡುತ್ತಾರೆ. ಒಟ್ಟು ಇಪ್ಪತ್ತನಾಲ್ಕು ಕೊಂಬೆ. ಅವಳ ಅಪ್ಪ ಅದನ್ನು ನಲವತ್ತು ವರ್ಷ ಮಾಡಿದ. ಅಪ್ಪನ ನಂತರ ಸ್ಟೂರೆ. ಕೊಂಬೆ ನೆಟ್ಟವನ ಕಾರು ಮೊದಲು ದಾಟಬೇಕು, ಬೆಲ್ಟು ಬಿಚ್ಚಿ, ಕಿಟಕಿ ಇಳಿಸಿ; ಉಳಿದವರೆಲ್ಲ ದಡದಲ್ಲಿ ಇಂಜಿನ್ನು ಓಡಿಸಿಕೊಂಡು ಕಾಯಬೇಕು. ಅದಕ್ಕೆ ಮುಂಚೆ ಯಾರೂ ಚಕ್ರ ಇಳಿಸುವುದಿಲ್ಲ. ಅದು ದಾಟಿದ ಮೇಲೆ ಯಾರೂ ಮತ್ತೆ ಪ್ರಶ್ನೆ ಕೇಳುವುದಿಲ್ಲ.

"ಈ ಸಲ ಮೊದಲು ಹೋಗೋದು ಆ ಮುದಿ ವೋಲ್ವೋ," ಎಂದ ಸ್ಟೂರೆ. "ಓಡಿಸೋದು ಇವಳು."

"ಇವಳಾ?" ಡೀಸಾ ಬನ್ನು ಕೆಳಗಿಟ್ಟಳು.

"ಅಪ್ಪನ ಕಾರು, ಅಪ್ಪನ ದಾರಿ. ಮತ್ತೆ ಇನ್ಯಾರು ಓಡಿಸಬೇಕು? ನಾನು ಪಕ್ಕದಲ್ಲಿ ಕೂತ್ಕೊಂಡು ಬೈತೀನಿ."

"ಆಹಾ ಗುನ್ವೋರ್, ರಾಣಿ ಆಗಿಬಿಟ್ಟೆಯಲ್ಲೇ. ನಾನು ನಿನ್ನ ಹಿಂದೇನೇ ಬರ್ತೀನಿ. ಮಕ್ಕಳಿಗೆ ಆಗಲೇ ಹೇಳಿದೀನಿ, ನಾವೇ ಎರಡನೇ ಗಾಡಿ, ಬಾವುಟ ಕಟ್ಟೋಣ ಅಂತ."

ಇಬ್ಬರೂ ಅವಳ ಮುಖ ನೋಡುತ್ತಿದ್ದರು. ಗುನ್ವೋರ್ ನಕ್ಕಳು. ತಟ್ಟೆಗೆ ಚೆಲ್ಲಿದ ಕಾಫಿಯನ್ನು ತಾನೇ ಕುಡಿದಳು.

ಡೀಸಾ ಹೋದ ಮೇಲೆ ಕಪ್ಪು ತೊಳೆಯುತ್ತ ನಿಂತಾಗ ಅವಳಿಗೆ ಅಕ್ಕ ಬೆರಿತಳ ಫೋನು ನೆನಪಾಯಿತು. ನವೆಂಬರಿನಲ್ಲಿ ಬೆರಿತಳ ಹುಟ್ಟುಹಬ್ಬಕ್ಕೆ ಸ್ಟೂರೆ ಕಾರ್ಡು ಕಳಿಸಿದ್ದ. "ನಿನ್ನ ಗಂಡ ಜಿಪುಣ ಅಂತ ಗೊತ್ತಿತ್ತು ಕಣೇ," ಎಂದು ಅಕ್ಕ ನಕ್ಕಿದ್ದಳು, "ಆದ್ರೆ ಬರೀ ಲಕೋಟೆ ಕಳಿಸೋಷ್ಟು ಜಿಪುಣ ಅಂತ ಗೊತ್ತಿರಲಿಲ್ಲ. ವಿಳಾಸ ಮುತ್ತಿನ ಹಾಗೆ ಬರೆದಿದಾನೆ, ಸ್ಟಾಂಪು ನೆಟ್ಟಗೆ ಅಂಟಿಸಿದಾನೆ, ಒಳಗೆ ಏನೂ ಇಲ್ಲ." ಆಗ ಇಬ್ಬರೂ ನಕ್ಕಿದ್ದರು. ಆಮೇಲೆ ಒಂದು ಸಂಜೆ ಅವನು ಒಣಗಿದ ಕಪ್ಪೊಂದನ್ನು ತೊಳೆದು ಬೋರಲು ಹಾಕಿ, ಕಾಫಿ ಚೆನ್ನಾಗಿತ್ತು ಎಂದಿದ್ದ. ಅವತ್ತು ಕಾಫಿ ಮಾಡಿಯೇ ಇರಲಿಲ್ಲ.

ಅವನು ಹೆಸರು ಮರೆಯುತ್ತಿರಲಿಲ್ಲ, ದಾರಿ ತಪ್ಪುತ್ತಿರಲಿಲ್ಲ. ಅವನಲ್ಲಿ ಕೆಲಸದ ಕೊನೆಯ ಹೆಜ್ಜೆ ಗಟ್ಟಿಯಾಗಿ ಉಳಿದುಕೊಂಡು, ಅದಕ್ಕೆ ಮುಂಚಿನದು ಎಲ್ಲೋ ಕೆಲವು ಕಡೆ ಜಾರಿಹೋಗುತ್ತಿತ್ತು. ಗೆರೆ ಎಳೆದಾಗ ಬಿಗಿ ಮಾಡಿದ್ದೇನೆ ಎಂದು ಕೈ ನಂಬುತ್ತಿತ್ತು. ಕೈ ನಂಬಿದ್ದನ್ನು ಅವನೂ ನಂಬುತ್ತಿದ್ದ.

ಹಾಗಾದರೆ ಕೊಂಬೆ?

ಅವಳು ನೀರಿನ ನಲ್ಲಿ ನಿಲ್ಲಿಸಿದಳು. ಕಿಟಕಿಯಾಚೆ ಸರೋವರ ಬಿಳಿಯ ಬಯಲಾಗಿ ಬಿದ್ದುಕೊಂಡಿತ್ತು. ಅದರ ಮೇಲೆ ಕಪ್ಪು ಕೊಂಬೆಗಳು ಒಂದರ ಹಿಂದೊಂದು ಆಚೆ ದಡದತ್ತ ಚಿಕ್ಕದಾಗುತ್ತ ಹೋಗಿದ್ದವು. ಸಾಲು ಬಹಳ ನೆಟ್ಟಗಿತ್ತು.

*

ಭಾನುವಾರ ಊಟದ ನಂತರ ಸ್ಟೂರೆ ಅಡುಗೆಮನೆಯ ಮರದ ಸೋಫಾದಲ್ಲಿ ಮಲಗಿದ. ರೇಡಿಯೋ ತಮ್ಮ ಯೆಮ್ಟ್‌ಲ್ಯಾಂಡ್ ಸೀಮೆಯ ಒಳನಾಡಿಗೆ ಮೈನಸ್ ಇಪ್ಪತ್ತೆರಡು ಎನ್ನುತ್ತಿತ್ತು. ಗುನ್ವೋರ್ ಬೈರಿಗೆಯನ್ನು ಕಂಬಳಿಯಲ್ಲಿ ಸುತ್ತಿ ಒದೆಬಂಡಿಯ ಕುರ್ಚಿಗೆ ಕಟ್ಟಿದಳು. ಮಂಜುಗಡ್ಡೆ ಒಡೆದು ನೀರಿಗೆ ಬಿದ್ದರೆ ಅಂಚನ್ನು ಚುಚ್ಚಿ ಹಿಡಿದು ಮೇಲೆ ಬರಲೆಂದು ಇರುವ ಮೊಳೆಗಳ ಜೋಡಿಯನ್ನು ಕೊರಳಿಗೆ ಹಾಕಿಕೊಂಡಳು. ಕತ್ತಲಾಗಲು ಎರಡು ಗಂಟೆ ಇತ್ತು.

ಮೊದಲನೆಯ ಕೊಂಬೆಯ ಪಕ್ಕ ಮತ್ತೆ ಹೆಪ್ಪುಗಟ್ಟಿದ ತೂತು ಬೂದು ಬಣ್ಣದ ಕಣ್ಣಿನಂತೆ ಕಂಡಿತು. ಸುತ್ತ ಬೈರಿಗೆಯ ಪುಡಿ ಬಿದ್ದಿತ್ತು. ಎರಡನೆಯದರ ಪಕ್ಕವೂ ಹಾಗೆಯೇ, ಮೂರನೆಯದರ ಪಕ್ಕವೂ ಹಾಗೆಯೇ. ಆದರೂ ಅವಳು ನಾಲ್ಕನೆಯದರ ಬಳಿ ತಾನೇ ಕೊರೆದು ನೋಡಿದಳು. ಮೂವತ್ತೊಂಬತ್ತು. ಎಂಟನೆಯದರ ಬಳಿ ಮೂವತ್ತೆಂಟು. ಎದೆ ಹಗುರವಾಯಿತು. ತನ್ನ ಮೇಲೆಯೇ ನಾಚಿಕೆಯಾಯಿತು. ಅಷ್ಟು ದೂರ ಬಂದು, ಮಲಗಿದ ಗಂಡನ ಬೆನ್ನ ಹಿಂದೆ ಅವನ ಕೆಲಸವನ್ನು ಪರೀಕ್ಷೆ ಮಾಡುವ ಹೆಂಗಸು. ಇದನ್ನು ಅಪ್ಪ ನೋಡಿದ್ದರೆ ಏನೆನ್ನುತ್ತಿದ್ದ ಎಂದುಕೊಂಡಳು. ಹದಿನಾಲ್ಕನೆಯದರವರೆಗೆ ತೂತುಗಳು ಅಚ್ಚುಕಟ್ಟಾಗಿದ್ದವು.

ಹದಿನಾಲ್ಕರ ನಂತರ ದಾರಿ ಬಡಗಲಿಗೆ, ಚರ್ಚಿನಿಂದ ದಾಟುವ ಒದೆಬಂಡಿಯ ದಾರಿಯ ಕಡೆಗೆ ಬಾಗಬೇಕು. ಆಚೆಯಿಂದ ಹೊಳೆ ಬಂದು ಸೇರುವ ಜಾಗ ಅದು; ಮಂಜುಗಡ್ಡೆಯ ಕೆಳಗೆ ನೀರು ಚಳಿಗಾಲವೆಲ್ಲ ನಡೆಯುತ್ತಲೇ ಇರುತ್ತದೆ. ಬಿಲ್ಲಿನಂಥ ಆ ಬಾಗು ಅವಳಿಗೆ ಓದು ಬರೆಹ ಬರುವುದಕ್ಕೆ ಮುಂಚಿನಿಂದಲೂ ಗೊತ್ತು. ಹೋದ ವರ್ಷ ಸ್ಟೂರೆಯೇ ಹಾಗೆ ನೆಟ್ಟಿದ್ದ. ಈ ವರ್ಷ ಹದಿನೈದನೆಯ ಕೊಂಬೆ ನೇರ ಮುಂದಿತ್ತು. ಅದರಾಚೆ ಹದಿನಾರು, ಹದಿನೇಳು, ಆಚೆ ದಡದ ಹಡಗುಕಟ್ಟೆಗೆ ಕಣ್ಣಿಟ್ಟು ನಡೆದವನು ನೆಟ್ಟ ಹಾಗೆ.

ಹದಿನೈದರ ಪಕ್ಕ ತೂತು ಇರಲಿಲ್ಲ. ಹಿಮವನ್ನು ಬೂಟಿನಿಂದ ಗುಪ್ಪೆ ಮಾಡಿ, ಒತ್ತಿ, ಕೊಂಬೆಯನ್ನು ನಿಲ್ಲಿಸಲಾಗಿತ್ತು. ಅವಳು ಸುತ್ತ ಕೈಯಿಂದ ಕೆದಕಿ ನೋಡಿದಳು. ಮುಟ್ಟದ ಹಿಮ. ಕೊರೆದಳು. ಮೂವತ್ತು.

ಹದಿನಾರರ ಪಕ್ಕವೂ ತೂತು ಇರಲಿಲ್ಲ. ಇಪ್ಪತ್ತೆರಡು.

ಬಂಡಿಯನ್ನು ಅಲ್ಲೇ ಬಿಟ್ಟು, ಬೈರಿಗೆಯನ್ನು ಅಡ್ಡ ಹಿಡಿದುಕೊಂಡು ನಡೆದಳು. ದೂರದಲ್ಲೆಲ್ಲೋ ಮಂಜುಗಡ್ಡೆ ನರಳಿತು. ಉದ್ದನೆಯ ಒಂದು ಸದ್ದು ದಡದಿಂದ ದಡಕ್ಕೆ ಓಡಿ ಅವಳ ಬೂಟಿನಡಿಯಿಂದ ಹಾದುಹೋಯಿತು. ಅದು ದಪ್ಪಗಾಗುವಾಗಲೂ ನರಳುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಆದರೂ ಕಾಲು ನಿಂತುಬಿಟ್ಟಿತು. ಹದಿನೇಳನೆಯ ಕೊಂಬೆ ಎಲ್ಲಕ್ಕಿಂತ ಚೆನ್ನಾಗಿತ್ತು, ದಟ್ಟವಾದ ತುದಿ, ನೆಟ್ಟನೆಯ ಕಾಂಡ. ಅವಳು ಬೈರಿಗೆಯ ಹಿಡಿಯನ್ನು ಒಂಬತ್ತು ಸಲ ತಿರುಗಿಸಿದಳು. ಹತ್ತನೆಯ ಸಲಕ್ಕೆ ಅದು ಹಿಡಿತ ತಪ್ಪಿ ಕೆಳಗೆ ಇಳಿಯಿತು. ನೀರು ಕಪ್ಪಗೆ ಮೇಲೆ ಬಂದು, ಹಿಮವನ್ನು ನೆನೆಸುತ್ತ, ಅವಳ ಬೂಟಿನತ್ತ ಹರಡಿತು.

ಹನ್ನೊಂದು ಸೆಂಟಿಮೀಟರು.

ಮನುಷ್ಯರನ್ನು ಹೊರುತ್ತದೆ. ನಡೆದು ಬಂದ ಸ್ಟೂರೆಯನ್ನು ಹೊತ್ತಿತ್ತು, ಈಗ ಅವಳನ್ನು ಹೊತ್ತಿದೆ. ಒಂದೂವರೆ ಟನ್ ಕಾರನ್ನು, ಅದರ ಹಿಂದೆ ಬಾವುಟ ಕಟ್ಟಿಕೊಂಡ ವ್ಯಾನನ್ನು ಹೊರುವುದಿಲ್ಲ.

ಅವಳು ಹಿಂದಕ್ಕೆ ಹೆಜ್ಜೆ ಹಾಕಿದಳು, ತನ್ನದೇ ಹೆಜ್ಜೆ ಗುರುತುಗಳ ಮೇಲೆ, ಬಂಡಿಯವರೆಗೆ. ಕುರ್ಚಿಯ ಮೇಲೆ ಕೂತು ಬೆರಳು ಮಡಚಿ ಲೆಕ್ಕ ಹಾಕಿದಳು.

ಬಾಗಿನಲ್ಲಿ ಹೊಸದಾಗಿ ಹತ್ತು ತೂತು ಕೊರೆದು, ಕೊಂಬೆಗಳನ್ನು ಕಿತ್ತು ಅಲ್ಲಿ ನೆಡಲು ಮೂರು ಗಂಟೆಯಾದರೂ ಬೇಕು. ಬೆಳಕು ಉಳಿದಿದ್ದದ್ದು ಮುಕ್ಕಾಲು ಗಂಟೆ. ಕತ್ತಲಲ್ಲಿ ದೀಪ ಹಿಡಿದು ಕೆಲಸ ಮಾಡಿದರೆ ದ್ವೀಪದ ಅಷ್ಟೂ ಕಿಟಕಿಗಳಿಗೆ ಕಾಣುತ್ತದೆ. ಇಲ್ಲವೆಂದರೆ ಈಗಲೇ ಡೀಸಾಳ ಮನೆಗೆ ಹೋಗಿ ಹೇಳಬಹುದು. ಹೇಳುವುದು ಎಷ್ಟು ಹೊತ್ತಿನ ಮಾತು?

ಅವಳಿಗೆ ಆಮೇಲಿನದೆಲ್ಲ ಗೊತ್ತಿತ್ತು. ಅದೇ ಅವಳ ಕೆಲಸವಾಗಿತ್ತು. ಡೀಸಾ ಒಳ್ಳೆಯವಳು, ಊರಿನವರೂ ಒಳ್ಳೆಯವರು. ಬೈರಿಗೆ ಹೊರುವುದಕ್ಕೆ ಸಹಾಯ ಎಂದು ಯಾರಾದರೂ ಸ್ಟೂರೆಯ ಜೊತೆ ಹೋಗುತ್ತಾರೆ, ಮುಂದಿನ ವರ್ಷ ಅವರೇ ಹೋಗುತ್ತಾರೆ. ಆರೋಗ್ಯ ಕೇಂದ್ರದಲ್ಲಿ ಒಬ್ಬ ಎಳೆಯ ಡಾಕ್ಟರು ಗಡಿಯಾರದ ಚಿತ್ರ ಬರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸು ಎನ್ನುತ್ತಾನೆ. ಲೈಸೆನ್ಸು ಹೋಗುತ್ತದೆ. ಗ್ಯಾರೇಜಿನ ಬೀಗದ ಕೈ ಇನ್ಯಾರದೋ ಜೇಬಿಗೆ ಸೇರುತ್ತದೆ. ವಾರದ ಮಾತ್ರೆಗಳ ಡಬ್ಬಿ ಬರುತ್ತದೆ, ಅದರ ಹಿಂದೆ ಸೊಂಟದಲ್ಲಿ ಕೀಲಿಗೊಂಚಲು ಕಟ್ಟಿಕೊಂಡ ಹೆಂಗಸೊಬ್ಬಳು ಬಾಗಿಲು ತಟ್ಟದೆ ಒಳಗೆ ಬಂದು, 'ಹೇಗಿದೀವಿ ನಾವು ಇವತ್ತು' ಎಂದು ದೊಡ್ಡ ದನಿಯಲ್ಲಿ ಕೇಳುತ್ತಾಳೆ. ಹತ್ತೊಂಬತ್ತು ವರ್ಷದಿಂದ ಗುನ್ವೋರ್ ಹಾಗೆ ಕೇಳುತ್ತ ಬಂದಿದ್ದಳು. ಕೇಳಿಸಿಕೊಂಡ ಮುಖಗಳು ಹೇಗಾಗುತ್ತವೆ ಎಂದು ಅವಳು ನೋಡಿದ್ದಳು.

ಇವತ್ತಿಗೆ ಬೇಡ, ಎಂದುಕೊಂಡಳು. ಎದ್ದು ಬಂಡಿಯನ್ನು ಮನೆಯ ಕಡೆ ತಿರುಗಿಸಿದಳು.

*

ಮನೆ ಮುಟ್ಟುವಾಗ ಗ್ಯಾರೇಜಿನ ದೀಪ ಉರಿಯುತ್ತಿತ್ತು. ಸ್ಟೂರೆ ಎದ್ದು, ಕಾರನ್ನು ಒರೆಸಿ, ಹಿಂದಿನ ಬಾಗಿಲು ಎತ್ತಿ ನಿಲ್ಲಿಸಿದ್ದ. ಕಡುನೀಲಿ ಬಣ್ಣ ಹೊಸದರಂತೆ ಹೊಳೆಯುತ್ತಿತ್ತು.

"ಎಲ್ಲಿಗೆ ಹೋಗಿದ್ದೆ ಈ ಚಳೀಲಿ? ಮೂಗು ನೋಡ್ಕೋ, ಬೀಟ್‌ರೂಟ್ ಆಗಿದೆ."

"ಚರ್ಚಿಗೆ. ಅಪ್ಪನ ಗೋರಿ ಮೇಲಿನ ಹಿಮ ಒರೆಸಿ ಬಂದೆ."

"ನಾಳೆ ನಾವು ದಾಟ್ತೀವಿ ಅಂತ ಹೇಳಿದ್ಯಾ ಅವನಿಗೆ?"

"ಹೇಳಿದೆ."

"ಏನಂದ?"

"ನಿಧಾನ ಅಂದ."

ಸ್ಟೂರೆ ನಕ್ಕ. "ಸತ್ತ ಮೇಲೂ ಬುದ್ಧಿ ಹೇಳೋದು ಬಿಡಲಿಲ್ಲ ನೋಡು ಮಾವ. ಬಾ ಇಲ್ಲಿ. ನಾಳೆ ನಾನು ಪಕ್ಕದಲ್ಲಿರ್ತೀನಿ, ನಾಳಿದ್ದಿನಿಂದ ನೀನೊಬ್ಬಳೇ. ಎಲ್ಲ ಗೊತ್ತಿರಬೇಕು ನಿನಗೆ."

ಅವಳನ್ನು ಸುತ್ತ ಕರೆದೊಯ್ದು ಒಂದೊಂದನ್ನೂ ತೋರಿಸಿದ. ಈ ಸ್ವಿಚ್ಚು ದೊಡ್ಡ ದೀಪದ್ದು. ಇದು ಸೀಟಿನದು, ಹತ್ತು ನಿಮಿಷಕ್ಕಿಂತ ಹೆಚ್ಚು ಹಾಕಿದರೆ ಬೆಂದ ಸಾಸೇಜ್ ಆಗುತ್ತೀಯ. ಇಲ್ಲಿ ಫ್ಯೂಸುಗಳು, ಇಲ್ಲಿ ಬದಲಿ ಫ್ಯೂಸುಗಳು, ಕನ್ನಡಕ ಇಲ್ಲದೆಯೂ ಓದಬಹುದಾದ ಅಕ್ಷರದಲ್ಲಿ ಚೀಟಿ. ಅವನ ಬೆರಳುಗಳು ಪ್ರತಿ ವೈರನ್ನೂ ಕುದುರೆಯ ಕುತ್ತಿಗೆ ಸವರಿದಂತೆ ಸವರುತ್ತಿದ್ದವು. ಅವಳು ಅವನ ಕೈಯನ್ನಷ್ಟೇ ನೋಡುತ್ತಿದ್ದಳು. ಚಳಿಯಲ್ಲಿ ಒಡೆದ ಗೆಣ್ಣುಗಳು, ಎಡ ಹೆಬ್ಬೆರಳಿನ ಮೇಲೆ ಹಳೆಯ ಗಾಯ. ಯಾವ ಕೈ ಎಲ್ಲಿ ಏನನ್ನು ಬಿಟ್ಟಿದೆ ಎಂದು ನೋಡಿದರೆ ತಿಳಿಯುವಂತಿರಲಿಲ್ಲ.

ಹಿಂದೆ ಬಂದು ಅವನು ನೆಲದ ಕಂಬಳಿಯ ಮೂಲೆ ಎತ್ತಿದ. "ಇದನ್ನ ನೋಡು. ಇದು ಯಾರಿಗೂ ಹೇಳದ ಗುಟ್ಟು. ಪೆಟ್ರೋಲ್ ಪಂಪಿನ ಅರ್ತ್ ವೈರು, ಈ ಸ್ಕ್ರೂ. ಇದೊಂದು ಅರ್ಧ ಸುತ್ತು ಸಡಿಲವಾಯ್ತು ಅಂದ್ರೆ ಇಂಜಿನ್ನು ತಿರುಗುತ್ತೆ, ತಿರುಗುತ್ತೆ, ಹತ್ಕೊಳಲ್ಲ. ಡಿಪೋದಲ್ಲಿ ಇಂಥದೇ ಒಂದಕ್ಕೆ ನಾವು ನಾಲ್ಕು ಜನ ಒಂದು ಇಡೀ ದಿನ ಮುಂದೆ ಬಾನೆಟ್ಟಲ್ಲಿ ತಲೆ ತೂರಿಸಿ ಹುಡುಕಿದ್ವಿ. ಹಿಂದೆ ಇದೆ ಅಂತ ಯಾರು ನೋಡ್ತಾರೆ? ಅದಕ್ಕೇ ನಾನು ಎರಡು ವಾಷರ್ ಹಾಕಿದೀನಿ. ಇನ್ನು ಸತ್ರೂ ಬಿಚ್ಚಲ್ಲ."

ಅವಳು ಬಾಗಿ ಬೆರಳಿನಿಂದ ಸ್ಕ್ರೂವನ್ನು ಮುಟ್ಟಿದಳು. ಗಟ್ಟಿಯಾಗಿತ್ತು.

"ಚೆನ್ನಾಗಿ ಮಾಡಿದೀಯ," ಎಂದಳು.

"ಚೆನ್ನಾಗಿ ಅಂದ್ರೆ? ಇನ್ನು ಇಪ್ಪತ್ತು ವರ್ಷ ಇದು ನಿನ್ನ ಕೈ ಬಿಡಲ್ಲ. ನಾನು ಬಿಟ್ಟರೂ ಇದು ಬಿಡಲ್ಲ."

ಹೇಳಿ ಅವನು ಬಟ್ಟೆಯಿಂದ ಬೆರಳು ಒರೆಸಿಕೊಂಡ. ಏನನ್ನೋ ಕೇಳಬೇಕೆಂದಿದ್ದವನಂತೆ ಅವಳ ಕಡೆ ತಿರುಗಿದ. ಅವನು ಕೇಳಿದ್ದು, "ನಾಳೆಗೆ ಅಂಗಿ ಇಸ್ತ್ರಿ ಆಗಿದೆಯಾ? ಎಲ್ಲ ಬರ್ತಾರೆ ದಡಕ್ಕೆ," ಎಂದಷ್ಟೇ. ನಂತರ ಕೈ ತೊಳೆಯಲು ಹೋದ.

ಅವಳು ತೆರೆದ ಹಿಂಬಾಗಿಲಿನ ಅಂಚಿನಲ್ಲಿ ಕೂತಳು. ನಾಳೆ ಏಳು ಗಂಟೆಗೆ ಹದಿನೈದು ಕಾರು ಹಡಗುಕಟ್ಟೆಯಲ್ಲಿ ಸಾಲು ನಿಲ್ಲುತ್ತವೆ. ಈ ಕಾರು ಏಳದಿದ್ದರೆ ಅವು ನಿಂತೇ ಇರುತ್ತವೆ. ಮೊದಲನೆಯದು ದಾಟದೆ ಎರಡನೆಯದು ದಾಟುವುದಿಲ್ಲ. ಗಂಡಸರೆಲ್ಲ ಇಳಿದು ಬರುತ್ತಾರೆ. ಈ ದ್ವೀಪದಲ್ಲಿ ಏಳದ ಕಾರಿಗಿಂತ ಗಂಡಸರಿಗೆ ಪ್ರಿಯವಾದದ್ದು ಇನ್ನೊಂದಿಲ್ಲ. ಬಾನೆಟ್ಟಿನ ಸುತ್ತ ಸೇರಿ, ಒಬ್ಬೊಬ್ಬರೂ ಒಂದೊಂದು ಹೇಳುತ್ತ, ಫ್ಲಾಸ್ಕಿನ ಕಾಫಿ ಹಂಚುತ್ತ, ಬೆಳಕು ಹರಿದು ಮತ್ತೆ ಕತ್ತಲಾಗುವವರೆಗೂ ನಿಲ್ಲುತ್ತಾರೆ. ಗುನ್ವೋರ್‌ಗೆ ಕೆಲಸಕ್ಕೆ ತಡವಾಗುತ್ತದೆ ಎಂದು ಒದೆಬಂಡಿ ತೆಗೆದರೆ ಯಾರೂ ತಿರುಗಿ ನೋಡುವುದಿಲ್ಲ. ಹೆಡ್ವಿಗ್‌ಗೆ ಇನ್ಸುಲಿನ್ನು ಚುಚ್ಚಿ, ಬೆಳಕಾಗುವ ಹೊತ್ತಿಗೆ ಆಚೆ ದಡದಿಂದಲೇ ಶುರು ಮಾಡಿದರೆ, ಹೊಳೆಯನ್ನು ಬಳಸಿಕೊಂಡು ಬಾಗಿನುದ್ದಕ್ಕೂ ಕೊರೆದು ಕೊಂಬೆಗಳನ್ನು ಅಲ್ಲಿಗೆ ಸರಿಸಬಹುದು; ಹಗಲಲ್ಲಿ ಅಷ್ಟು ದೂರದಿಂದ ಕಂಡರೂ ಯಾರೋ ಮೀನು ಹಿಡಿಯಲು ಕೊರೆಯುವ ಹಾಗೆಯೇ ಕಾಣುತ್ತದೆ. ಎರಡಕ್ಕೆ ಮುಗಿಯುತ್ತದೆ. ಮಂಗಳವಾರ ಬೆಳಿಗ್ಗೆ ಕಾರು ತಾನೇ ಏಳುತ್ತದೆ. ಚಳಿಗೆ ಕಾರುಗಳು ಹಾಗೆ ಮಾಡುತ್ತವೆ ಎಂದು ಎಲ್ಲರೂ ಒಪ್ಪುತ್ತಾರೆ.

ಸ್ಟೂರೆ ಒಪ್ಪುವುದಿಲ್ಲ. ಅದು ಅವಳಿಗೆ ಸ್ಪಷ್ಟವಾಗಿ ಕಂಡಿತು. ಇಸ್ತ್ರಿ ಅಂಗಿ ತೊಟ್ಟು ಊರಿನವರ ಮುಂದೆ ನಿಂತು, ತಾನು ವರ್ಷವಿಡೀ ಕೂತು ಮಾಡಿದ ಕಾರು ಹತ್ತಿಕೊಳ್ಳದೆ ಹೋಗುವುದನ್ನು ಅವನು ನೋಡುತ್ತಾನೆ. ಎರಡು ವಾಷರ್ ಹಾಕಿದ ಆ ಸ್ಕ್ರೂವನ್ನು ಮಾತ್ರ ಅನುಮಾನಿಸದೆ, ಎಲ್ಲಿ ತಪ್ಪಿದೆ ಎಂದು ರಾತ್ರಿಯಿಡೀ ತನ್ನ ಕೈಗಳನ್ನೇ ಕೇಳುತ್ತಾನೆ. ಅವನಲ್ಲಿ ಇನ್ನೂ ಗಟ್ಟಿಯಾಗಿ ಉಳಿದಿದ್ದ ನಂಬಿಕೆಯ ಮೇಲೆ ಅವಳು ಕೈ ಇಡುತ್ತಿದ್ದಳು. ದಾರಿ ತೆರೆದ ಮೇಲೂ ವಾರಕ್ಕೊಮ್ಮೆ ಅವನು ದಪ್ಪ ಅಳೆಯಬೇಕು: ಮಂಗಳವಾರದ ಆಮೇಲೆ ಶುಕ್ರವಾರದ ಅಳತೆ ಬರುತ್ತದೆ, ಅದರ ಮುಂದಿನದು ಬರುತ್ತದೆ, ಏಪ್ರಿಲ್ ತನಕ ಹದಿಮೂರು ಶುಕ್ರವಾರ. ಒಂದೊಂದರ ಹಿಂದೆಯೂ ಅವಳು ಹೋಗಬೇಕು. ಒಂದು ತಪ್ಪಿದರೆ ಸಾಕು.

ಸ್ಕ್ರೂ ಡ್ರೈವರು ಅವನ ಮೇಜಿನ ಮೇಲೆ ಎರಡನೆಯ ಮೊಳೆಗೆ ನೇತಾಡುತ್ತಿತ್ತು. ಅರ್ಧ ಸುತ್ತು, ಎಂದುಕೊಂಡಳು. ಬೆಳಿಗ್ಗೆ, ಅವನು ಅಂಗಿಯ ಗುಂಡಿ ಹಾಕಿಕೊಳ್ಳುತ್ತಿರುವಾಗ.

ಅಡುಗೆಮನೆಯಿಂದ ಸ್ಟೂರೆ ಕೂಗಿದ. "ಏ, ಇಂಜಿನ್ ಹೀಟರ್ ಎಷ್ಟು ಗಂಟೆಗೆ ಇಡಲಿ?"

ಗುನ್ವೋರ್ ಕಂಬಳಿಯ ಮೂಲೆಯನ್ನು ಮೊದಲಿದ್ದಂತೆ ಮಡಚಿ ಅದರ ಮೇಲೆ ಅಂಗೈ ಆಡಿಸಿದಳು.

"ಐದಕ್ಕೆ," ಎಂದಳು. "ಐದಕ್ಕೆ ಇಟ್ಟರೆ ಸಾಕು."